ಹಂದಿಮರಿಗಳ ಆಹಾರದಲ್ಲಿ ಖನಿಜ ಮತ್ತು ಎಣ್ಣೆ

ಪ್ರಶ್ನೆ: ಹಾಲು ಬಿಡಿಸಿದ ಹಂದಿಮರಿಗಳಿಗೆ ಜೋಳದ ನುಚ್ಚು, ಶೇಂಗಾ ಹಿಂಡಿಯೊಂದಿಗೆ ಸುಣ್ಣದಕಲ್ಲಿನ ಪುಡಿಯನ್ನೂ ಧಾರಾಳವಾಗಿ ಕೊಡುತ್ತಿದ್ದೇನೆ. ಆದರೂ ಅವುಗಳ ಚರ್ಮ ಒರಟಾಗಿ ಹಕ್ಕಳೆಗಟ್ಟುತ್ತಿದೆ. ಬೇಗ ಬೆಳೆಯಲೆಂದು ಎಣ್ಣೆ ಬೆರೆಸಬಹುದೇ?
— ಓದುಗರೊಬ್ಬರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ನೀವು ವಿವರಿಸಿರುವ ಲಕ್ಷಣ ಸತುವಿನ ಕೊರತೆಯನ್ನು ಹೋಲುತ್ತದೆ. ಜೋಳ ಮತ್ತು ಹಿಂಡಿಯಲ್ಲಿರುವ ಫೈಟೇಟ್ ಎಂಬ ಅಂಶವು ಸತುವನ್ನು ಹಿಡಿದಿಟ್ಟುಕೊಳ್ಳುತ್ತದೆ. ಅದರ ಮೇಲೆ ಸುಣ್ಣ ಹೆಚ್ಚಾದರೆ ಕರುಳು ಹೀರಿಕೊಳ್ಳುವ ಸತುವು ಇನ್ನಷ್ಟು ಕಡಿಮೆಯಾಗುತ್ತದೆ. ಆದ್ದರಿಂದ ಸುಣ್ಣದ ಪುಡಿಯನ್ನು ಅಂದಾಜಿನಲ್ಲಿ ಹಾಕುವುದನ್ನು ನಿಲ್ಲಿಸಿ, ಹಂದಿಗಳಿಗೆಂದೇ ತಯಾರಾದ ಖನಿಜ ಮಿಶ್ರಣವನ್ನು ಚೀಟಿಯಲ್ಲಿ ಹೇಳಿದ ಪ್ರಮಾಣದಲ್ಲಿ ಬಳಸಿರಿ. ಎಮ್ಮೆಗೆ ತಂದ ಪೊಟ್ಟಣವನ್ನೇ ಹಂದಿಗೂ ಸುರಿಯುವ ರೂಢಿ ಸರಿಯಲ್ಲ. ಕಜ್ಜಿಹುಳುವಿನಿಂದಲೂ ಚರ್ಮ ಹೀಗಾಗುವುದುಂಟು, ಅದನ್ನು ಪಶುವೈದ್ಯರಿಂದ ಪರೀಕ್ಷಿಸಿಕೊಳ್ಳಿರಿ.

ಮುಂದಿನ ಸೂಲಿನಲ್ಲಿ ಕಬ್ಬಿಣಾಂಶವನ್ನು ಮರೆಯಬೇಡಿರಿ. ಮರಿಗೆ ದಿನಕ್ಕೆ ಸುಮಾರು 7 ಮಿಲಿಗ್ರಾಂ ಬೇಕಿದ್ದರೆ ತಾಯಿಹಾಲಿನಿಂದ ಸಿಗುವುದು ಸುಮಾರು 1 ಮಿಲಿಗ್ರಾಂ ಮಾತ್ರ. ಸಿಮೆಂಟ್ ನೆಲದ ಮೇಲೆ ಬೆಳೆಯುವ ಮರಿಗೆ ಮಣ್ಣಿನಿಂದಲೂ ಸಿಗದು. ಹೀಗಾಗಿ ಹುಟ್ಟಿದ ಮೂರನೆಯ ದಿನದ ಹೊತ್ತಿಗೆ 200 ಮಿಲಿಗ್ರಾಂ ಕಬ್ಬಿಣದ ಚುಚ್ಚುಮದ್ದು ಹಾಕಿಸುವುದು ವಾಡಿಕೆ.

ಎಣ್ಣೆಗೆ ಅವಸರ ಬೇಡ. ತಾಯಿಹಾಲಿನ ಕೊಬ್ಬನ್ನು ಚೆನ್ನಾಗಿ ಅರಗಿಸಿಕೊಳ್ಳುವ ಮರಿಯೇ, ಹಾಲು ಬಿಡಿಸಿದ ಮೊದಲ ಎರಡು ವಾರ ಹೊರಗಿನ ಎಣ್ಣೆಯನ್ನು ಅಷ್ಟಾಗಿ ಬಳಸಿಕೊಳ್ಳಲಾರದು. ಅನಂತರ ಆಹಾರದ ನೂರಕ್ಕೆ 3ರಿಂದ 5 ಭಾಗದಷ್ಟು ತಾಜಾ ಎಣ್ಣೆ ಸಾಕು. ನಮ್ಮ ಕಡೆಯ ಬೇಸಿಗೆಯಲ್ಲಿ ಎಣ್ಣೆ ಬೆರೆತ ಆಹಾರ ಬೇಗ ಕಮಟುವುದರಿಂದ, ಕೆಲವೇ ದಿನಕ್ಕೆ ಬೇಕಾದಷ್ಟನ್ನು ಮಾತ್ರ ಕಲೆಸಿಕೊಳ್ಳಿರಿ.