ಮೀನಿನ ತೊಟ್ಟಿ ಎಷ್ಟು ಯೂನಿಟ್ ತಿನ್ನುತ್ತದೆ?

ಗಪ್ಪಿ, ಮೋಲಿ, ಟೆಟ್ರಾ, ಏಂಜೆಲ್ ಮುಂತಾದ ಬಿಸಿನಾಡಿನ ಸಿಹಿನೀರಿನ ಮೀನು ಸಾಕುವವರಿಂದ ಕರೆಂಟು, ನೀರಿನ ಖರ್ಚಿನ ಬಗ್ಗೆ ಬಂದ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇವೆ. ಇಂಧನ ಹೊಂದಾಣಿಕೆ ಶುಲ್ಕ, ತೆರಿಗೆ ಇತ್ಯಾದಿ ಸೇರಿಸಿ ಯೂನಿಟ್‌ಗೆ 7 ರೂಪಾಯಿ ಎಂದು ಹಿಡಿದಿದ್ದೇವೆ. ನಿಮ್ಮ ಬಿಲ್ಲಿನಲ್ಲಿ ಬೇರೆ ದರವಿದ್ದರೆ ಅದರಿಂದಲೇ ಗುಣಿಸಿಕೊಳ್ಳಿ.

ಪ್ರಶ್ನೆ: ಎರಡಡಿ ತೊಟ್ಟಿ, ಸುಮಾರು 60 ಲೀಟರ್ ನೀರು. 8 ವಾಟ್‌ನ ಒಳಗಿನ ಫಿಲ್ಟರ್, 3 ವಾಟ್ ಏರ್ ಪಂಪ್, 10 ವಾಟ್ ಎಲ್‌ಇಡಿ, 100 ವಾಟ್ ಹೀಟರ್ ಇವೆ. ಡಿಸೆಂಬರ್ ಬಿಲ್ ಬಂದಾಗಿನಿಂದ ಮನೆಯವರೆಲ್ಲ ಮೀನಿನ ಕಡೆಗೇ ಬೆರಳು ತೋರಿಸುತ್ತಿದ್ದಾರೆ. 50 ವಾಟ್ ಹೀಟರ್ ಹಾಕಿದರೆ ಖರ್ಚು ಅರ್ಧ ಆಗುತ್ತದೆಯೇ?
— ವಿಜಯನಗರ, ಬೆಂಗಳೂರು

ಉತ್ತರ: ಆಗುವುದಿಲ್ಲ. ಆದರೂ 50 ವಾಟ್‌ನದನ್ನೇ ಹಾಕಿ. ಕಾರಣ ಬೇರೆ ಇದೆ, ಮುಂದೆ ಹೇಳುತ್ತೇವೆ.

ಮೊದಲು ಹೀಟರ್ ಬಿಟ್ಟು ಉಳಿದ ಸಾಮಾನಿನ ಲೆಕ್ಕ (1,000 ವಾಟ್ ಒಂದು ಗಂಟೆ ಓಡಿದರೆ ಒಂದು ಯೂನಿಟ್). ಫಿಲ್ಟರ್ ತಿಂಗಳಿಗೆ 5.8 ಯೂನಿಟ್, ಏರ್ ಪಂಪ್ 2.2, ದಿನಕ್ಕೆ 8 ಗಂಟೆ ಉರಿಯುವ ಲೈಟ್ 2.4. ಒಟ್ಟು ಹತ್ತೂವರೆ ಯೂನಿಟ್, ಅಂದರೆ 73 ರೂಪಾಯಿಯ ಆಸುಪಾಸು. ಇದು ವರ್ಷವಿಡೀ ಹೆಚ್ಚು ಕಡಿಮೆ ಇಷ್ಟೇ ಇರುತ್ತದೆ.

ಹೀಟರ್ ವಿಷಯ ಹಾಗಲ್ಲ. ಅದರ ಖರ್ಚನ್ನು ನಿರ್ಧರಿಸುವುದು ಡಬ್ಬಿಯ ಮೇಲಿನ ವಾಟ್ ಅಲ್ಲ, ನೀರಿಗೂ ಕೋಣೆಗೂ ಇರುವ ಬಿಸಿಯ ವ್ಯತ್ಯಾಸ. ನಿಮ್ಮದರಷ್ಟೇ ದೊಡ್ಡದಾದ, ಮುಚ್ಚಳವಿರುವ ತೊಟ್ಟಿ ಒಂದು ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 5 ವಾಟ್ ಶಾಖ ಕಳೆದುಕೊಳ್ಳುತ್ತದೆ. ಚಳಿಗಾಲದಲ್ಲಿ ಕೋಣೆ 21 ಡಿಗ್ರಿ, ನೀರು 26 ಇದ್ದರೆ ನಷ್ಟ 25 ವಾಟ್. ಫಿಲ್ಟರಿನ ಮೋಟಾರು ನೀರಿನೊಳಗೇ ಇರುವುದರಿಂದ ಅದರ 8 ವಾಟೂ ಶಾಖವಾಗಿ ನೀರಿಗೇ ಸೇರುತ್ತದೆ. ಉಳಿದ 17 ವಾಟನ್ನು ಹೀಟರ್ ತುಂಬಬೇಕು: ದಿನಕ್ಕೆ 0.4 ಯೂನಿಟ್, ತಿಂಗಳಿಗೆ 12. 100 ವಾಟ್‌ನದು ದಿನಕ್ಕೆ ನಾಲ್ಕು ಗಂಟೆ ಉರಿದು ಈ ಕೆಲಸ ಮುಗಿಸುತ್ತದೆ, 50 ವಾಟ್‌ನದು ಎಂಟು ಗಂಟೆ ಉರಿಯುತ್ತದೆ. ಮೀಟರಿಗೆ ಎರಡೂ ಒಂದೇ.

ಚಿಕ್ಕ ಹೀಟರ್ ಬೇಕಾಗಿರುವುದು ಮೀನಿನ ಜೀವಕ್ಕಾಗಿ. ಹೀಟರ್ ಕೆಡುವಾಗ ಅದರ ಥರ್ಮೋಸ್ಟಾಟ್ ಎಷ್ಟೋ ಸಲ ಆನ್ ಆದ ಸ್ಥಿತಿಯಲ್ಲೇ ಅಂಟಿಕೊಂಡುಬಿಡುತ್ತದೆ. ರಾತ್ರಿ ಹತ್ತಕ್ಕೆ ಹಾಗಾಯಿತು ಎನ್ನಿ. 100 ವಾಟ್ ಹೀಟರ್ ಬೆಳಗ್ಗೆ ಆರರ ಹೊತ್ತಿಗೆ ನೀರನ್ನು 33 ಡಿಗ್ರಿಗೆ ಏರಿಸಿರುತ್ತದೆ. ಯಾರೂ ಗಮನಿಸದಿದ್ದರೆ ಮರುರಾತ್ರಿಯೊಳಗೆ 39 ದಾಟುತ್ತದೆ. 50 ವಾಟ್‌ನದಾದರೆ ಬೆಳಗ್ಗೆ 29ರಲ್ಲಿರುತ್ತದೆ, ನಿಮಗೆ ಕೈಹಾಕಲು ಸಮಯ ಸಿಗುತ್ತದೆ. ಲೀಟರ್‌ಗೆ ಒಂದು ವಾಟ್ ಮೀರಿ ನಮ್ಮ ಒಳನಾಡಿನ ಮನೆಗಳಿಗೆ ಬೇಕಾಗಿಲ್ಲ. ಹೀಟರಿನ ಗುಂಡಿಯ ಮೇಲಿನ ಅಂಕಿಯನ್ನೂ ನಂಬಬೇಡಿ, ತೊಟ್ಟಿಯ ಇನ್ನೊಂದು ತುದಿಯಲ್ಲಿ ಬೇರೆ ಥರ್ಮಾಮೀಟರ್ ಇಡಿ.

ಇನ್ನು ನಿಜವಾದ ಉಳಿತಾಯ. ನಿಮ್ಮ ತೊಟ್ಟಿಗೆ ಮುಚ್ಚಳವಿದೆಯೋ ಇಲ್ಲವೋ ಬರೆದಿಲ್ಲ. ಇಲ್ಲವಾದರೆ ಬಿಲ್ ಏರಿದ್ದು ಅಲ್ಲಿಂದಲೇ. ಒಂದು ಲೀಟರ್ ನೀರು ಆವಿಯಾಗಿ ಹೋಗುವಾಗ ಸುಮಾರು 0.67 ಯೂನಿಟ್‌ನಷ್ಟು ಶಾಖವನ್ನು ಕೊಂಡೊಯ್ಯುತ್ತದೆ. ದಿನಕ್ಕೆ ಅರ್ಧ ಲೀಟರ್ ಆರಿದರೂ ತಿಂಗಳಿಗೆ 10 ಯೂನಿಟ್ ಹೆಚ್ಚಾಯಿತು, ಅಂದರೆ ಹೀಟರಿನ ಖರ್ಚು ಸುಮಾರು ದುಪ್ಪಟ್ಟು. ಗಾಜಿನ ಅಂಗಡಿಯಲ್ಲಿ 4 ಅಥವಾ 5 ಮಿ.ಮೀ. ಗಾಜು ಅಳತೆಗೆ ಕತ್ತರಿಸಿ, ಅಂಚು ಉಜ್ಜಿಸಿ, ವೈರು ಮತ್ತು ಊಟಕ್ಕೆ ಒಂದು ಮೂಲೆ ತೆಗೆಸಿಕೊಳ್ಳಿ. ಗಾಜು ತೊಟ್ಟಿಯ ಒಳ ಅಂಚಿನ ಮೇಲೆ ಕೂರುವಂತಿರಲಿ. ಆಗ ಅದಕ್ಕೆ ಕಟ್ಟಿದ ಹನಿ ಹೊರಗೆ ಸುರಿಯದೆ ಒಳಗೇ ಬೀಳುತ್ತದೆ. ಹಿಂಬದಿಗೂ ಎರಡು ಪಕ್ಕಕ್ಕೂ 20 ಮಿ.ಮೀ. ಥರ್ಮೋಕೋಲ್ ಅಂಟಿಸಿದರೆ ಉಳಿದ ನಷ್ಟದಲ್ಲಿ ಕಾಲುಭಾಗವಾದರೂ ತಗ್ಗುತ್ತದೆ.

ಮತ್ತೆ, 26 ಡಿಗ್ರಿಯೇ ಏಕೆ? ಗಪ್ಪಿ, ಪ್ಲಾಟಿ ಮತ್ತು ಅಂಗಡಿಯಲ್ಲಿ ಸಿಗುವ ಬಹುಪಾಲು ಟೆಟ್ರಾಗಳು 24ರಲ್ಲಿ ಆರೋಗ್ಯವಾಗಿರುತ್ತವೆ. ಮೇಲಿನ ಲೆಕ್ಕದಲ್ಲೇ 24 ಹಾಕಿ ನೋಡಿ: ನಷ್ಟ 15 ವಾಟ್, ಫಿಲ್ಟರ್ ಕೊಡುವ 8 ಕಳೆದರೆ 7, ತಿಂಗಳಿಗೆ ಬರೀ 5 ಯೂನಿಟ್. ಎರಡು ಡಿಗ್ರಿ ಇಳಿಸಿದ್ದಕ್ಕೆ ಹೀಟರಿನ ಖರ್ಚು ಅರ್ಧಕ್ಕಿಂತ ಕೆಳಗೆ ಬಂತು. ಇಳಿಸುವುದನ್ನು ಮಾತ್ರ ದಿನಕ್ಕೆ ಒಂದು ಡಿಗ್ರಿ ಮೀರದಂತೆ ಮಾಡಿ.

ಪ್ರಶ್ನೆ: ರಾತ್ರಿ ಮಲಗುವಾಗ ಫಿಲ್ಟರ್ ಆಫ್ ಮಾಡಿ ಬೆಳಗ್ಗೆ ಹಾಕುತ್ತೇವೆ. ಶಬ್ದವೂ ಇಲ್ಲ, ಕರೆಂಟೂ ಉಳಿಯುತ್ತದೆ. ಆದರೆ ತಿಂಗಳಿಗೆ ಒಂದೆರಡು ಮೀನು ಸಾಯುತ್ತಿವೆ.
— ದಾವಣಗೆರೆ

ಉತ್ತರ: ದಯವಿಟ್ಟು ಇವತ್ತಿನಿಂದಲೇ ನಿಲ್ಲಿಸಿ. 8 ವಾಟ್ ಫಿಲ್ಟರನ್ನು ರಾತ್ರಿ ಎಂಟು ಗಂಟೆ ಆರಿಸಿದರೆ ತಿಂಗಳಿಗೆ ಉಳಿಯುವುದು ಎರಡು ಯೂನಿಟ್ಟೂ ಅಲ್ಲ, 13 ರೂಪಾಯಿ. ಒಂದು ಮೀನಿನ ಬೆಲೆ ಅದಕ್ಕಿಂತ ಹೆಚ್ಚು, ಜೀವದ ಮಾತು ಪಕ್ಕಕ್ಕಿಟ್ಟರೂ.

ಫಿಲ್ಟರಿನ ಸ್ಪಂಜು ಕಸ ಹಿಡಿಯುವ ಜರಡಿ ಮಾತ್ರವಲ್ಲ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ನೈಟ್ರೈಟ್ ಆಗಿ, ಅದನ್ನು ಮತ್ತೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಮಾಡುವ ಬ್ಯಾಕ್ಟೀರಿಯಾ ವಾಸಿಸುವುದು ಆ ಸ್ಪಂಜಿನಲ್ಲೇ. ಅವಕ್ಕೆ ಹರಿಯುವ ನೀರು ತರುವ ಆಮ್ಲಜನಕ ಬೇಕು. ಹರಿವು ನಿಂತರೆ ಸ್ಪಂಜಿನೊಳಗಿನ ಆಮ್ಲಜನಕ ಕೆಲವೇ ಗಂಟೆಗಳಲ್ಲಿ ಮುಗಿದು ಅವು ಸಾಯತೊಡಗುತ್ತವೆ. ಬೆಳಗ್ಗೆ ಸ್ವಿಚ್ ಹಾಕಿದಾಗ ಕೊಳೆತ ನೀರು ಒಮ್ಮೆಲೇ ತೊಟ್ಟಿಗೆ ನುಗ್ಗುತ್ತದೆ. ಮೀನು ಮೇಲೆ ಬಂದು ಬಾಯಿ ಬಡಿಯುತ್ತಿದ್ದರೆ ಕಾರಣ ಇದೇ ಇರಬಹುದು.

ಶಬ್ದ ಬಹುಮಟ್ಟಿಗೆ ಮೋಟಾರಿನ ಚಕ್ರದ, ಅಂದರೆ ಇಂಪೆಲ್ಲರಿನ ಸುತ್ತ ಪಾಚಿ ಕಟ್ಟಿದ್ದರಿಂದ ಬರುತ್ತದೆ. ಪ್ಲಗ್ ತೆಗೆದು, ಚಕ್ರ ಎಳೆದು, ಅದರ ಗೂಡನ್ನು ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿ. ಸ್ಪಂಜನ್ನು ನಲ್ಲಿಯ ಕೆಳಗೆ ಹಿಂಡಬೇಡಿ, ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ತೊಟ್ಟಿಯಿಂದಲೇ ತೆಗೆದ ಒಂದು ಬಕೆಟ್ ನೀರಿನಲ್ಲಿ ಎರಡು ಸಲ ಹಿಂಡಿದರೆ ಸಾಕು. ರಾತ್ರಿ ಆರಿಸಬೇಕಾದದ್ದು ಲೈಟ್.

ಪ್ರಶ್ನೆ: ನಮಗೆ ಗೃಹಜ್ಯೋತಿ ಇದೆ. ತೊಟ್ಟಿ ಇಟ್ಟರೆ ಉಚಿತ ವಿದ್ಯುತ್ ತಪ್ಪುತ್ತದೆಯೇ?
— ಹಾಸನ

ಉತ್ತರ: ನೀವು ಈಗ ಎಷ್ಟು ಬಳಸುತ್ತಿದ್ದೀರಿ ಎಂಬುದರ ಮೇಲಿದೆ. 200 ಯೂನಿಟ್ ಎಲ್ಲರಿಗೂ ಉಚಿತ ಎಂದು ತಿಳಿದವರು ಇನ್ನೂ ಇದ್ದಾರೆ. 2022-23ರ ನಿಮ್ಮ ಸರಾಸರಿ ಬಳಕೆಗೆ ತುಸು ಸೇರಿಸಿ ಅರ್ಹ ಯೂನಿಟ್ ನಿಗದಿಯಾಗಿರುತ್ತದೆ, ಮಾಸಿಕ ಬಿಲ್ಲಿನಲ್ಲಿ ನೋಡಿಕೊಳ್ಳಿ. ಅರ್ಹತೆ ದಾಟಿದ ಯೂನಿಟ್‌ಗಳಿಗೆ ಮಾತ್ರ ದುಡ್ಡು ಕೊಡಬೇಕು; ಒಟ್ಟು ಬಳಕೆ 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು.

ಮೇಲಿನ ಎರಡಡಿ ತೊಟ್ಟಿ ಚಳಿಗಾಲದಲ್ಲಿ 22 ಯೂನಿಟ್ ಸೇರಿಸುತ್ತದೆ. ನಿಮ್ಮ ಅರ್ಹತೆ 160, ಬಳಕೆ 150 ಇದ್ದರೆ ಅದು 172 ಆಗಿ 12 ಯೂನಿಟ್‌ಗೆ ದುಡ್ಡು ಬೀಳುತ್ತದೆ. ಆದರೆ ಈಗಾಗಲೇ 185 ಬಳಸುವ ಮನೆ 207ಕ್ಕೆ ಹೋದರೆ, 7 ಯೂನಿಟ್‌ನ ಸಲುವಾಗಿ ನಿಗದಿತ ಶುಲ್ಕ ಬಿಟ್ಟೇ 1,450 ರೂಪಾಯಿ ಆಗುತ್ತದೆ. ನೀವು ಈ ಅಂಚಿನಲ್ಲಿದ್ದರೆ ಹೀಟರ್ ಬೇಡದ ಮೀನು ಆರಿಸಿಕೊಳ್ಳಿ: ಜೀಬ್ರಾ ಡೇನಿಯೋ ಅಥವಾ ರೋಸಿ ಬಾರ್ಬ್. ಎರಡೂ ನಮ್ಮ ಉಪಖಂಡದವು, 20 ಡಿಗ್ರಿಯ ನೀರಿನಲ್ಲೂ ಚುರುಕಾಗಿರುತ್ತವೆ. ಹೀಟರ್ ಬೇಕೇ ಬೇಕು ಎನ್ನುವುದಾದರೆ ಗೀಸರ್ ಕಡೆ ನೋಡಿ. 2 ಕಿಲೋವಾಟ್ ಗೀಸರನ್ನು ದಿನಕ್ಕೆ 12 ನಿಮಿಷ ಕಡಿಮೆ ಉರಿಸಿದರೆ ಮೀನಿನ ಹೀಟರಿನ 0.4 ಯೂನಿಟ್ ಸರಿಹೋಗುತ್ತದೆ.

ಪ್ರಶ್ನೆ: ಹೀಟರ್ ಕೊಳ್ಳಬೇಕೇ?
— ಮಂಗಳೂರು

ಉತ್ತರ: ನಿಮ್ಮ ಕರಾವಳಿಯ ಸೆಖೆಯಲ್ಲಿ ಸಾಮಾನ್ಯ ಮೀನುಗಳಿಗೆ ಬೇಡ. ಡಿಸ್ಕಸ್ ಮೀನು ಸಾಕುವವರಿಗೆ ಮಾತ್ರ 28ರಿಂದ 30 ಡಿಗ್ರಿ ಬೇಕಾಗುವುದರಿಂದ ಅಲ್ಲಿಯೂ ಬೇಕಾದೀತು. ತೊಟ್ಟಿಯನ್ನು ಎಸಿ ಕೋಣೆಯಲ್ಲಿ ಇಡಬೇಡಿ: ಹೀಟರ್ ಬಿಸಿ ಮಾಡಿದ್ದನ್ನು ಎಸಿ ಹೊರಹಾಕುತ್ತಾ, ಒಂದೇ ಶಾಖಕ್ಕೆ ಎರಡು ಸಲ ದುಡ್ಡು ಕೊಡಬೇಕಾಗುತ್ತದೆ.

ಪ್ರಶ್ನೆ: ಬೇಸಿಗೆಯಲ್ಲಿ ಟ್ಯಾಂಕರ್ ನೀರು, ಉಳಿದಂತೆ ಬೋರ್‌ವೆಲ್, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣಗಳ ಪ್ರಮಾಣ) 800. ಆರ್‌ಒ ನೀರು ಹಾಕಿ ಎಂದು ಅಂಗಡಿಯವರು ಹೇಳುತ್ತಾರೆ. ಖರ್ಚು ಎಷ್ಟಾದೀತು?
— ಮಹದೇವಪುರ, ಬೆಂಗಳೂರು

ಉತ್ತರ: ವಾರಕ್ಕೆ ಕಾಲುಭಾಗ, ಅಂದರೆ 15 ಲೀಟರ್ ಬದಲಿಸಿದರೆ 60 ಲೀಟರ್ ತೊಟ್ಟಿಗೆ ತಿಂಗಳಿಗೆ 60 ಲೀಟರ್ ಸಾಕು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಿಲ್ಲಾಡಳಿತ 6,000 ಲೀಟರ್ ಟ್ಯಾಂಕರಿಗೆ 5 ಕಿ.ಮೀ. ಒಳಗೆ 600 ರೂಪಾಯಿ ನಿಗದಿ ಮಾಡಿತ್ತು. ಆ ದರದಲ್ಲಿ 60 ಲೀಟರ್‌ಗೆ 6 ರೂಪಾಯಿ. ಅದರ ಎರಡು ಪಟ್ಟು ಕೊಟ್ಟರೂ 12. ನೀರಿನ ಖರ್ಚಿಗೆ ಹೆದರಿ ಬದಲಾವಣೆ ತಪ್ಪಿಸಬೇಡಿ.

ಮೋಲಿ, ಗಪ್ಪಿ, ಪ್ಲಾಟಿಗೆ ಗಡಸು ನೀರೇ ಇಷ್ಟ, ಅವನ್ನೇ ಸಾಕುವುದಾದರೆ ಆರ್‌ಒ ಮರೆತುಬಿಡಿ. ಟೆಟ್ರಾಗಳಿಗೆ ಬೇಕೆಂದರೆ ಅರ್ಧ ಬೋರ್ ನೀರು, ಅರ್ಧ ಆರ್‌ಒ ನೀರು ಬೆರೆಸಿದಾಗ ಟಿಡಿಎಸ್ 440ರ ಸುತ್ತ ಬರುತ್ತದೆ. ಬರೀ ಆರ್‌ಒ ನೀರು ಎಂದೂ ಬೇಡ. ಅದರಲ್ಲಿ ಲವಣವಿಲ್ಲದ ಕಾರಣ ಪಿಎಚ್ (ಆಮ್ಲ-ಕ್ಷಾರದ ಮಟ್ಟ) ಹಠಾತ್ತನೆ ಕುಸಿಯುತ್ತದೆ. ಮನೆಯ ಆರ್‌ಒ ಒಂದು ಕೊಡ ಕೊಡುವಾಗ ಎರಡು ಮೂರು ಕೊಡ ಹೊರಗೆ ಬಿಡುತ್ತದೆ ಎಂಬುದೂ ನೆನಪಿರಲಿ. ಹಾಗೆ ಹೊರಬಂದ ನೀರು ನೆಲ ಒರೆಸಲು ಆದೀತು, ತೊಟ್ಟಿಗೆ ಸಲ್ಲದು.

ನಲ್ಲಿಯ ಕಾವೇರಿ ನೀರಾದರೆ ಕ್ಲೋರಿನ್ ತೆಗೆಯಬೇಕು. ಬಾಟಲಿಯ ದುಬಾರಿ ದ್ರವಗಳ ಬದಲು ಹೈಪೋ ಹರಳು, ಅಂದರೆ ಸೋಡಿಯಂ ಥಯೋಸಲ್ಫೇಟ್ ತನ್ನಿ. 10 ಗ್ರಾಂ ಹರಳನ್ನು 100 ಮಿ.ಲೀ. ನೀರಿನಲ್ಲಿ ಕರಗಿಸಿ, ಕಪ್ಪು ಬಾಟಲಿಯಲ್ಲಿಟ್ಟು, 15 ಲೀಟರ್ ಬಕೆಟ್‌ಗೆ 1 ಮಿ.ಲೀ. ಹಾಕಿ. ಸೂಜಿ ತೆಗೆದ ಸಿರಿಂಜ್ ಅಳತೆಗೆ ಚೆನ್ನ. ಲೀಟರ್‌ಗೆ ಒಂದು ಮಿ.ಗ್ರಾಂ ಕ್ಲೋರಿನ್ ಇದ್ದರೂ ಇಷ್ಟು ಸಾಲುತ್ತದೆ. ತೆಗೆದ ಹಳೆಯ ನೀರಿನಲ್ಲಿ ನೈಟ್ರೇಟ್ ಇರುವುದರಿಂದ ಗಿಡಗಳಿಗೆ ಗೊಬ್ಬರವಿದ್ದಂತೆ. ಉಪ್ಪು ಅಥವಾ ಔಷಧಿ ಹಾಕಿದ ವಾರ ಮಾತ್ರ ಗಿಡಕ್ಕೆ ಹಾಕಬೇಡಿ.

ಪ್ರಶ್ನೆ: ಏಪ್ರಿಲ್‌ನಲ್ಲಿ ತೊಟ್ಟಿಯ ನೀರು 33 ಡಿಗ್ರಿ ತಲುಪುತ್ತದೆ. ನೀರು ತಣಿಸುವ ಯಂತ್ರ, ಅಂದರೆ ಚಿಲ್ಲರ್ ಕೊಳ್ಳುವಷ್ಟು ಶಕ್ತಿ ಇಲ್ಲ.
— ಕಲಬುರಗಿ

ಉತ್ತರ: ಚಿಲ್ಲರ್ ಬೇಡ. ನಿಮ್ಮ ಊರಿನ ಒಣ ಗಾಳಿಯೇ ದೊಡ್ಡ ಅನುಕೂಲ. ಮುಚ್ಚಳ ತೆಗೆದು, ಮೀನು ಹಾರದಂತೆ ಸೊಳ್ಳೆಪರದೆ ಬಿಗಿದು, ಕಂಪ್ಯೂಟರಿನೊಳಗಿನ 12 ವೋಲ್ಟ್ ಫ್ಯಾನನ್ನು ನೀರಿನ ಮೇಲ್ಮೈಗೆ ಓರೆಯಾಗಿ ಊದುವಂತೆ ಕಟ್ಟಿ. 3 ವಾಟ್ ಫ್ಯಾನ್ ದಿನಕ್ಕೆ 12 ಗಂಟೆ ಓಡಿದರೂ ತಿಂಗಳಿಗೆ ಒಂದು ಯೂನಿಟ್ ಚಿಲ್ಲರೆ. ನೀರು 2-3 ಡಿಗ್ರಿ ಇಳಿಯುತ್ತದೆ. ಕರಾವಳಿಯ ತೇವದ ಗಾಳಿಯಲ್ಲಿ ಈ ಉಪಾಯ ಅಷ್ಟು ಫಲಿಸದು.

ದಿನಕ್ಕೆ ಒಂದೆರಡು ಲೀಟರ್ ಆರುತ್ತದೆ, ತುಂಬುತ್ತಿರಬೇಕು. ಆದರೆ ಆವಿಯಾಗುವುದು ನೀರು ಮಾತ್ರ, ಲವಣ ಅಲ್ಲೇ ಉಳಿಯುತ್ತದೆ. ಬೋರ್ ನೀರನ್ನೇ ತುಂಬುತ್ತಾ ಹೋದರೆ ಮೇ ತಿಂಗಳ ಹೊತ್ತಿಗೆ ಗಡಸುತನ ಎಲ್ಲೋ ಹೋಗಿರುತ್ತದೆ. ಆರಿದ್ದನ್ನು ತುಂಬಲು ಆರ್‌ಒ ಅಥವಾ ಹಿಡಿದಿಟ್ಟ ಮಳೆನೀರು ಬಳಸಿ, ವಾರದ ನೀರಿನ ಬದಲಾವಣೆಯನ್ನೂ ಬಿಡಬೇಡಿ. ತೀರಾ ಸೆಖೆಯ ಮಧ್ಯಾಹ್ನ ಅರ್ಧ ಲೀಟರ್ ಬಾಟಲಿಯಲ್ಲಿ ನೀರು ಗಡ್ಡೆಕಟ್ಟಿಸಿ ತೇಲಿಬಿಟ್ಟರೆ 60 ಲೀಟರ್ ಸುಮಾರು ಒಂದು ಡಿಗ್ರಿ ತಣಿಯುತ್ತದೆ. ಒಮ್ಮೆಗೆ ಎರಡು ಮೂರು ಬಾಟಲಿ ಹಾಕಬೇಡಿ. ಏರ್ ಪಂಪ್ ಹಗಲು ರಾತ್ರಿ ಓಡಲಿ. 20 ಡಿಗ್ರಿಯ ನೀರು ಲೀಟರ್‌ಗೆ 9 ಮಿ.ಗ್ರಾಂ ಆಮ್ಲಜನಕ ಹಿಡಿದರೆ 30 ಡಿಗ್ರಿಯದು ಏಳೂವರೆ ಮಾತ್ರ ಹಿಡಿಯುತ್ತದೆ, ಬಿಸಿಯಲ್ಲಿ ಮೀನಿಗೆ ಬೇಕಾಗುವುದು ಮಾತ್ರ ಹೆಚ್ಚು.

ಪ್ರಶ್ನೆ: ಮಳೆಗಾಲದಲ್ಲಿ ಎಂಟು ಹತ್ತು ಗಂಟೆ ಕರೆಂಟ್ ಹೋಗುತ್ತದೆ. ಇನ್ವರ್ಟರಿಗೆ ಎಲ್ಲವನ್ನೂ ಜೋಡಿಸಬಹುದೇ?
— ಶಿರಸಿ

ಉತ್ತರ: ಫಿಲ್ಟರ್, ಏರ್ ಪಂಪ್ ಜೋಡಿಸಿ, ಹೀಟರ್ ಬೇಡ. 11 ವಾಟ್ ಎಂಟು ಗಂಟೆ ಓಡಿದರೆ 88 ವಾಟ್-ಅವರ್. 12 ವೋಲ್ಟ್, 150 ಎಎಚ್ ಬ್ಯಾಟರಿಯ ಸಾಮರ್ಥ್ಯ 1,800. ಬ್ಯಾಟರಿಗೆ ಅದೊಂದು ಭಾರವೇ ಅಲ್ಲ. ನೀರು ನಾವು ಅಂದುಕೊಂಡಷ್ಟು ಬೇಗ ತಣಿಯುವುದಿಲ್ಲ: ಮುಚ್ಚಳವಿರುವ 60 ಲೀಟರ್ ತೊಟ್ಟಿ, ಕೋಣೆ 21 ಡಿಗ್ರಿ ಇದ್ದರೆ, ಎಂಟು ಗಂಟೆಯಲ್ಲಿ 26ರಿಂದ 24ರ ಹತ್ತಿರ ಬರುತ್ತದೆ ಅಷ್ಟೆ. ಸುತ್ತ ಒಂದು ಕಂಬಳಿ ಹೊದಿಸಿದರೆ ಅಷ್ಟೂ ಇಳಿಯದು.

ಇನ್ವರ್ಟರ್ ಸ್ಕ್ವೇರ್ ವೇವ್ ಮಾದರಿಯದಾದರೆ ಪಂಪುಗಳು ಗುಂಯ್‌ಗುಡುತ್ತಾ ಬಿಸಿಯಾಗುತ್ತವೆ. ಅಂಥ ಮನೆಗೆ ಬ್ಯಾಟರಿ ಇರುವ ಯುಎಸ್‌ಬಿ ಏರ್ ಪಂಪ್ ಮತ್ತು ಒಂದು ಸ್ಪಂಜ್ ಫಿಲ್ಟರ್ ಸಾಕು. ಕರೆಂಟ್ ಇಲ್ಲದಾಗ ಮೀನಿಗೆ ಊಟ ಹಾಕಬೇಡಿ. ಒಂದು ದಿನದ ಉಪವಾಸ ಅವಕ್ಕೆ ಏನೂ ಅಲ್ಲ, ಕೊಳೆತ ಊಟವೇ ವಿಷ. ಹೊರಗಿಡುವ ಕ್ಯಾನಿಸ್ಟರ್ ಫಿಲ್ಟರ್ ನಾಲ್ಕು ಗಂಟೆ ಮೀರಿ ನಿಂತಿದ್ದರೆ, ಬಿಚ್ಚಿ ಒಳಗಿನ ನೀರು ಚೆಲ್ಲಿ, ಸ್ಪಂಜನ್ನು ತೊಟ್ಟಿಯ ನೀರಿನಲ್ಲಿ ಜಾಲಾಡಿದ ಮೇಲೆಯೇ ಸ್ವಿಚ್ ಹಾಕಿ. ನೀರು ಬದಲಿಸುವಾಗ ಹೀಟರನ್ನು 15 ನಿಮಿಷ ಮೊದಲೇ ಆರಿಸಿ, ಬಿಸಿ ಗಾಜು ನೀರಿನಿಂದ ಹೊರಬಂದರೆ ಒಡೆಯುತ್ತದೆ. ಎಲ್ಲ ವೈರುಗಳೂ ಪ್ಲಗ್‌ಗಿಂತ ಕೆಳಕ್ಕೆ ಜೋತು ಮತ್ತೆ ಮೇಲೇರುವಂತಿರಲಿ, ವೈರಿನಗುಂಟ ಇಳಿದ ಹನಿ ಪ್ಲಗ್ಗಿಗೆ ಹೋಗದೆ ನೆಲಕ್ಕೆ ಬೀಳುತ್ತದೆ. ಆ ಸಾಲಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆರಿಹೋಗುವ ಸ್ವಿಚ್) ಇಲ್ಲದಿದ್ದರೆ ಬೇರೆಲ್ಲಕ್ಕಿಂತ ಮೊದಲು ಅದನ್ನು ಹಾಕಿಸಿ.