ಡೇ ಕೇರ್ ಸೇರಿದಾಗಿನಿಂದ ಮಗುವಿಗೆ ಒಂದೇ ಸಮ ನೆಗಡಿ ಅಂತ ಕೇಳಿದ ತಂಗಿಗೆ

ತಂಗಿ, ಕೈತೋಟದ ಗುಂಪಿನಲ್ಲಿ ಇದನ್ನು ಕೇಳಬಹುದಾ ಅಂತ ಹಿಂಜರಿದಿದ್ದೀರಿ. ಕೇಳಿದ್ದು ಒಳ್ಳೆಯದೇ ಆಯ್ತು. ಗಿಡದ ಹುಚ್ಚು ಹತ್ತುವ ಮೊದಲು ಧಾರವಾಡದಲ್ಲಿ 11 ವರ್ಷ ನಮ್ಮ ಮನೆಯ ಕೆಳಭಾಗದಲ್ಲೇ ಸಣ್ಣ ಡೇ ಕೇರ್ ನಡೆಸಿದವಳು ನಾನು.

ನೀವು ಬರೆದದ್ದು ಇಷ್ಟು: ಎರಡು ವರ್ಷದ ಮಗಳು ಜೂನ್‌ನಲ್ಲಿ ಸೇರಿದಳು. ಮೂರು ತಿಂಗಳಲ್ಲಿ ನಾಲ್ಕು ಸಲ ನೆಗಡಿ, ಜ್ವರ. ಒಂದು ಸಲ ವಾಂತಿ ಭೇದಿ. ಅಲ್ಲಿನ ಆಯಾ ಕೂಡ ಕೆಮ್ಮುತ್ತಿದ್ದಾರೆ. ಮಗಳಿಗೆ ಇಮ್ಯುನಿಟಿ ಕಡಿಮೆಯಾ, ಬಿಡಿಸಿಬಿಡಲಾ?

ಅಷ್ಟಕ್ಕೇ ಬಿಡಿಸಬೇಡಿ. ಹೊಸದಾಗಿ ಸೇರಿದ ಮಗುವಿಗೆ ಮೊದಲ ವರ್ಷ ಎಂಟು ಹತ್ತು ಸಲ ನೆಗಡಿ ಆಗೋದು ಮಾಮೂಲಿ. ನೆಗಡಿ ತರುವ ರೈನೋವೈರಸ್ ಒಂದರಲ್ಲೇ ನೂರಕ್ಕೂ ಹೆಚ್ಚು ಬಗೆ ಇವೆ. ಒಂದು ಹೋಯ್ತು ಅನ್ನುವಷ್ಟರಲ್ಲಿ ಇನ್ನೊಂದು ಬಾಗಿಲಲ್ಲಿ ನಿಂತಿರುತ್ತದೆ. ನಡುವಿನ ದಿನಗಳಲ್ಲಿ ಮಗು ಚೆನ್ನಾಗಿ ಆಡಿಕೊಂಡು, ತೂಕ ಏರುತ್ತಿದ್ದರೆ ಚಿಂತೆ ಬೇಡ. ಸಿಂಬಳ ಹಸಿರಾದರೆ ಆಂಟಿಬಯಾಟಿಕ್ ಕೊಡಿ ಅಂತ ಮೇಲೆ ಒಬ್ಬರು ಬರೆದಿದ್ದಾರೆ. ದಯವಿಟ್ಟು ಬೇಡ. ಸಾದಾ ವೈರಸ್ ನೆಗಡಿಯಲ್ಲೂ ಸಿಂಬಳ ಹಸಿರಾಗುತ್ತದೆ, ಆ ಔಷಧಿ ವೈರಸ್‌ಗೆ ತಾಗೋದಿಲ್ಲ.

ಹೇಗೆ ಹರಡುತ್ತದೆ ಅಂತ ಈ ಗುಂಪಿನವರಿಗೆ ಹೇಳೋದು ಸುಲಭ. ಟೊಮೆಟೊ ಮೊಸಾಯಿಕ್ ರೋಗ ನೋಡಿದ್ದೀರಿ ಅಲ್ವಾ? ಅದು ಹರಡಲು ಹುಳ ಬೇಕಿಲ್ಲ. ರೋಗದ ಗಿಡದ ಕುಡಿ ಚಿವುಟಿದ ಕೈಯಲ್ಲೇ ಪಕ್ಕದ ಗಿಡ ಮುಟ್ಟಿದರೆ ಸಾಕು. ಡೇ ಕೇರ್‌ನಲ್ಲಿ ಆ ಕೈ ನಮ್ಮದು, ದೊಡ್ಡವರದು. ಮಕ್ಕಳು ಮುಖಕ್ಕೆ ಮುಖ ಕೊಟ್ಟು ಕೆಮ್ಮುತ್ತಾರೆ, ಒಂದೇ ಗೊಂಬೆ ಬಾಯಿಗಿಡುತ್ತಾರೆ, ನಿಜ. ಆದರೆ ಹತ್ತು ಮಕ್ಕಳ ಮೂಗು ಒರೆಸಿ, ಡಯಾಪರ್ ಬದಲಿಸಿ, ಆಮೇಲೆ ತುತ್ತು ಕೊಡೋದು ಒಂದೇ ಕೈ.

ನನ್ನ ತಪ್ಪನ್ನೇ ಹೇಳುತ್ತೇನೆ. ಒಂದು ಮಳೆಗಾಲ, ಮಧ್ಯಾಹ್ನ ಮೂರರ ಹೊತ್ತಿಗೆ ಒಬ್ಬ ಹುಡುಗ ಪಡಸಾಲೆಯ ಜಮಖಾನದ ಮೇಲೆ ವಾಂತಿ ಮಾಡಿದ. ಆಯಾ ಅರಿವೆಯಿಂದ ಒರೆಸಿ, ಅಡುಗೆಮನೆಯ ಸಿಂಕ್‌ನಲ್ಲೇ ಅದನ್ನು ಹಿಂಡಿದರು. ಕೈಗೆ ಸ್ಯಾನಿಟೈಸರ್ ಹಚ್ಚಿಕೊಂಡು ನಾಲ್ಕು ಗಂಟೆಗೆ ಒಗ್ಗರಣೆ ಅವಲಕ್ಕಿ ಕಲಸಿದರು. ನಾನು ಅಲ್ಲೇ ನಿಂತಿದ್ದೆ, ಏನೂ ಅನ್ನಿಸಲಿಲ್ಲ. ಎರಡು ದಿನದೊಳಗೆ ಆರು ಮಕ್ಕಳು, ಇಬ್ಬರು ಆಯಾಗಳು, ಕೊನೆಗೆ ನಾನು, ಎಲ್ಲರೂ ಬಚ್ಚಲಿಗೆ ಓಡಿದ್ದೇ ಓಡಿದ್ದು. ನೋರೋವೈರಸ್ ಇರಬೇಕು ಅಂದರು ಡಾಕ್ಟರ್. ಅದು ಮೈಗೆ ಹೊಕ್ಕ 12ರಿಂದ 48 ಗಂಟೆಯಲ್ಲಿ ಶುರುವಾಗುತ್ತದೆ. ನೂರು ಕಣಕ್ಕಿಂತ ಕಡಿಮೆ ಹೊಟ್ಟೆಗೆ ಹೋದರೂ ಸಾಕು. ಸ್ಯಾನಿಟೈಸರ್ ಅದರ ಮೇಲೆ ಅಷ್ಟಾಗಿ ಕೆಲಸ ಮಾಡೋದಿಲ್ಲ, ಸೋಪು ಹಚ್ಚಿ 20 ಸೆಕೆಂಡ್ ಉಜ್ಜಿ ನೀರಲ್ಲಿ ತೊಳೆಯಲೇಬೇಕು.

ಆಮೇಲೆ ನಾವು ಮಾಡಿದ್ದು ಇದು. ವಾಂತಿ ಆದ ಕೂಡಲೇ ಮಕ್ಕಳನ್ನು ಬೇರೆ ಕೋಣೆಗೆ ಕಳಿಸೋದು, ಕಿಟಕಿ ತೆಗೆಯೋದು. ಗ್ಲೌಸ್ ಹಾಕಿಕೊಂಡು ಹಳೆ ಪೇಪರ್‌ನಿಂದ ಬಳಿದು, ಕವರಿನಲ್ಲಿ ಕಟ್ಟಿ ಎಸೆಯೋದು. ನೆಲಕ್ಕೆ 4 ಪರ್ಸೆಂಟ್ ಹೈಪೋಕ್ಲೋರೈಟನ್ನು (ಬ್ಲೀಚ್ ದ್ರಾವಣ) 1 ಲೀಟರ್ ನೀರಿಗೆ 25 ಎಂಎಲ್ ಲೆಕ್ಕದಲ್ಲಿ ಬೆರೆಸಿ ಹಾಕಿ, ಹತ್ತು ನಿಮಿಷ ಬಿಟ್ಟು ಒರೆಸೋದು. ಅದನ್ನು ಅವತ್ತೇ ಕಲಸಬೇಕು. ಆಸಿಡ್, ಫಿನಾಯಿಲ್ ಯಾವುದನ್ನೂ ಅದರ ಜೊತೆ ಸೇರಿಸಬಾರದು, ವಿಷದ ಗಾಳಿ ಏಳಬಹುದು. ಜಮಖಾನವನ್ನು ಮಾತ್ರ ತೆಗೆದೇ ಬಿಟ್ಟೆ. ನವಲಗುಂದದ್ದು, ಅತ್ತೆ ಕೊಟ್ಟಿದ್ದು, ಸಂಕಟ ಆಯ್ತು.

ನೀವು ನಾಳೆ ಹೋದಾಗ ಸುಮ್ನೆ ಐದು ನಿಮಿಷ ನಿಂತು ನೋಡಿ. ಮೂಗು ಒರೆಸುವ ಅರಿವೆ ಎಲ್ಲರಿಗೂ ಒಂದೇನಾ? ಡಯಾಪರ್ ಬದಲಿಸುವ ಜಾಗ ಊಟದ ಜಾಗದಿಂದ ದೂರ ಇದೆಯಾ? ಅಲ್ಲೇ ನಲ್ಲಿ, ಸೋಪು ಇದೆಯಾ? ಮಲಗಿಸುವಾಗ ಒಂದೇ ಕೌದಿಯಡಿ ನಾಲ್ಕು ಮಕ್ಕಳಾ? ಪ್ರತಿ ಮಗುವಿಗೆ ಅದರದೇ ಕೌದಿ ಬೇಕು. ಒಬ್ಬರ ತಲೆ ಇದ್ದ ಕಡೆ ಪಕ್ಕದವರ ಕಾಲು ಬರುವಂತೆ ಮಲಗಿಸಿದರೆ ಮುಖಗಳು ದೂರ ಆಗುತ್ತವೆ. ನಮ್ಮ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಎಲ್ಲರೂ ಕಿಟಕಿ ಮುಚ್ಚಿ ಕೂರುತ್ತೇವೆ. ಒಂದೆರಡಾದರೂ ತೆರೆದಿರಲಿ. ತಂಪು ಗಾಳಿಯಿಂದ ನೆಗಡಿ ಬರುತ್ತದೆ ಅನ್ನೋ ಅಜ್ಜಿಯಂದಿರ ಜೊತೆ ನಾನು ಜಗಳ ಆಡಿ ಸೋತಿದ್ದೇನೆ.

‘ಯಾರ ಮಗು ತಂದಿದ್ದು’ ಅಂತ ಹುಡುಕಬೇಡಿ. ನೆಗಡಿ ಕಾಣುವ ಒಂದು ದಿನ ಮೊದಲೇ ಹರಡೋಕೆ ಶುರುವಾಗಿರುತ್ತದೆ. ನಾವು ಅಮ್ಮ ಅನ್ನುವ ಚಿಕನ್‌ಪಾಕ್ಸ್ ಗುಳ್ಳೆ ಏಳುವ ಒಂದೆರಡು ದಿನ ಮೊದಲೇ ಅಂಟುತ್ತದೆ. ಕೈ, ಕಾಲು, ಬಾಯಲ್ಲಿ ಗುಳ್ಳೆ ಬರುವ ಜ್ವರ ಇದೆಯಲ್ಲ, ಅದರ ವೈರಸ್ ಮಗು ಹುಷಾರಾದ ಮೇಲೂ ವಾರಗಟ್ಟಲೆ ಮಲದಲ್ಲಿ ಹೋಗುತ್ತಿರುತ್ತದೆ. (ಒಬ್ಬ ಅಜ್ಜ ದನಗಳನ್ನು ದೂರ ಕಟ್ಟಬೇಕಾ ಅಂತ ಕೇಳಿದ್ದರು. ದನದ ಕಾಲುಬಾಯಿ ಬೇನೆ ಬೇರೆ, ಇದು ಬೇರೆ.)

ಈಗ ಆಯಾ ವಿಷಯ. ಎಲ್ಲರೂ ಮಗುವನ್ನು ಮನೆಯಲ್ಲಿಟ್ಟುಕೊಳ್ಳಿ ಅನ್ನುತ್ತಾರೆ, ಆಯಾಗೆ ಯಾರೂ ಹೇಳೋದಿಲ್ಲ. ರಜೆ ಹಾಕಿದರೆ ನಾನು ದಿನದ ಸಂಬಳ ಹಿಡಿಯುತ್ತಿದ್ದೆ. ಹಾಗಾಗಿ ಜ್ವರ ಇದ್ದರೂ ಅವರು ಬರುತ್ತಿದ್ದರು, ಹೇಳುತ್ತಿರಲಿಲ್ಲ. ಆ ವಾಂತಿಯ ವಾರದ ನಂತರ ಸಂಬಳ ಹಿಡಿಯೋದು ನಿಲ್ಲಿಸಿದೆ. ಫಿನಾಯಿಲ್‌ಗೆ ಸುರಿದ ದುಡ್ಡಿಗಿಂತ ಅದು ಜಾಸ್ತಿ ಉಪಯೋಗಕ್ಕೆ ಬಂತು. ನಿಮ್ಮ ಡೇ ಕೇರ್‌ನವರನ್ನು ಇದೊಂದನ್ನು ಕೇಳಿ. ತಂದೆತಾಯಿ ಎಲ್ಲ ಸೇರಿ ಕೇಳಿದರೆ ಇನ್ನೂ ಒಳ್ಳೆಯದು. ಆಯಾ ಗರ್ಭಿಣಿ ಆಗಿದ್ದರೆ ಇನ್ನೂ ಎಚ್ಚರ ಬೇಕು. ಮಕ್ಕಳ ಜೊಲ್ಲು, ಮೂತ್ರದಿಂದ ಬರುವ ಸಿಎಂವಿ ಅನ್ನೋ ವೈರಸ್ ಹೊಟ್ಟೆಯಲ್ಲಿರುವ ಮಗುವಿಗೆ ತೊಂದರೆ ಮಾಡಬಲ್ಲದು. ಚಿಕನ್‌ಪಾಕ್ಸ್ ಕೂಡ.

ಮಗಳನ್ನು ಯಾವಾಗ ಕಳಿಸಬಹುದು? ಔಷಧಿ ಇಲ್ಲದೆ 24 ಗಂಟೆ ಜ್ವರ ಬರದಿದ್ದರೆ. ವಾಂತಿ ಭೇದಿ ನಿಂತು 48 ಗಂಟೆ ಆದರೆ. ಚಿಕನ್‌ಪಾಕ್ಸ್ ಆದರೆ ಎಲ್ಲ ಗುಳ್ಳೆ ಒಣಗಿ ಹಕ್ಕಳೆ ಕಟ್ಟಿದ ಮೇಲೆ. ಬರೀ ಮೂಗು ಸೋರುತ್ತಿದ್ದು ಆಟ ಚೆನ್ನಾಗಿದ್ದರೆ ಕಳಿಸಿ. ಬೆಳಿಗ್ಗೆ ಪ್ಯಾರಾಸಿಟಮಾಲ್ ಕುಡಿಸಿ ಬಿಟ್ಟು ಹೋಗೋದು ಮಾತ್ರ ಬೇಡ. ಮಧ್ಯಾಹ್ನ ಅದರ ಪ್ರಭಾವ ಇಳಿದಾಗ ನಮಗೆ ಗೊತ್ತಾಗೇ ಆಗುತ್ತಿತ್ತು.

ತಾಯಿ ಕಾರ್ಡ್ ತೆಗೆದು ದಡಾರ-ರುಬೆಲ್ಲಾದ ಎರಡೂ ಡೋಸ್ ಆಗಿದೆಯಾ ನೋಡಿ, 9 ತಿಂಗಳಿಗೆ ಒಂದು, 16ರಿಂದ 24 ತಿಂಗಳೊಳಗೆ ಇನ್ನೊಂದು. ಸರಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ. ಫ್ಲೂ, ಚಿಕನ್‌ಪಾಕ್ಸ್ ಲಸಿಕೆ ಬೇಕಿದ್ದರೆ ಮಕ್ಕಳ ಡಾಕ್ಟರ್ ಹತ್ತಿರ ದುಡ್ಡು ಕೊಟ್ಟು ಹಾಕಿಸಬೇಕು. ಭೇದಿ ಆದರೆ ಓಆರ್‌ಎಸ್ ದೊಡ್ಡ ಪ್ಯಾಕೆಟ್ ಪೂರ್ತಿ 1 ಲೀಟರ್ ನೀರಿಗೆ ಹಾಕಿ, ಚಮಚದಲ್ಲಿ ಸ್ವಲ್ಪ ಸ್ವಲ್ಪ. ಅರ್ಧ ಪ್ಯಾಕೆಟ್ ಅಂದಾಜಿನಲ್ಲಿ ಕಲಸಬೇಡಿ. ಸುಮ್ಮನಿದ್ದಾಗಲೂ ನಿಮಿಷಕ್ಕೆ 40 ಅಥವಾ ಹೆಚ್ಚು ಸಲ ಉಸಿರಾಡಿದರೆ, ಪಕ್ಕೆ ಒಳಗೆ ಎಳೆದುಕೊಂಡರೆ, ಆರೆಂಟು ಗಂಟೆ ಮೂತ್ರ ಹೋಗದಿದ್ದರೆ, ಎಬ್ಬಿಸಿದರೂ ಮಂಕಾಗಿದ್ದರೆ ಗುಂಪಿನಲ್ಲಿ ಕೇಳುತ್ತಾ ಕೂರದೆ ಆಸ್ಪತ್ರೆಗೆ ನಡೆಯಿರಿ.

ಇನ್ನೊಂದು. ಡೇ ಕೇರ್‌ಗೆ ಹೋಗುವಾಗ ಹಳೆ ಕಾಟನ್ ಸೀರೆ ಹರಿದು ಎರಡು ಡಜನ್ ಅರಿವೆ ಮಾಡಿಕೊಂಡು ಹೋಗಿ. ದೂರು ಹೇಳೋಕೆ ಬಂದಿದ್ದೀರಿ ಅಂತ ಅವರಿಗೆ ಅನ್ನಿಸೋದಿಲ್ಲ. ಒಂದು ಮೂಗಿಗೆ ಒಂದು ಅರಿವೆ, ಒರೆಸಿದ್ದನ್ನು ಬಕೆಟ್‌ಗೆ ಹಾಕಿ ಅಂತ ಆಯಾಗೆ ನೀವೇ ಕೈಗೆ ಕೊಡಿ.