ಬೆಂಗಳೂರಿನ ಕೆಲಸ ಬಿಟ್ಟು ಊರಿನ ಅಡಿಕೆ ತೋಟಕ್ಕೆ ವಾಪಸ್ ಹೋಗಬಹುದೇ?

ನಿಮಗೆ ಮೂವತ್ತೈದು ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ, ಹೆಂಡತಿಯೂ ದುಡಿಯುತ್ತಾರೆ, ಮಗಳು ಮುಂದಿನ ವರ್ಷ ಒಂದನೇ ಕ್ಲಾಸು. ಸಾಗರದ ಹತ್ತಿರ ಅಪ್ಪನ ಎರಡು ಎಕರೆ ಅಡಿಕೆ ತೋಟವಿದೆ, ಅಪ್ಪನಿಗೆ ಈಗ ಕೈಲಾಗುತ್ತಿಲ್ಲ. ಟ್ರಾಫಿಕ್ಕು, ಬಾಡಿಗೆ, ಟ್ಯಾಂಕರ್ ನೀರು ಎಲ್ಲ ಸಾಕಾಗಿದೆ, ಊರಿಗೆ ಹೋಗಿಬಿಡಲೇ ಎಂದು ಕೇಳಿದ್ದೀರಿ.

ಹೋಗಿ ಎಂದೇ ನನ್ನ ಉತ್ತರ. ಆದರೆ ಈಗಲೇ ರಾಜೀನಾಮೆ ಕೊಡಬೇಡಿ. ಯಾಕೆ ಎಂದು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನಾನೂ ಸಾಗರ ತಾಲೂಕಿನವನೇ. ಬೆಂಗಳೂರಿನಲ್ಲಿ ಲೆಕ್ಕಪತ್ರದ ಕೆಲಸದಲ್ಲಿದ್ದು ಊರಿಗೆ ಬಂದವನು. ಈಗ ತೋಟ ನೋಡಿಕೊಳ್ಳುತ್ತೇನೆ, ಜೊತೆಗೆ ಮನೆಯಿಂದಲೇ ಒಂದೆರಡು ಕಂಪನಿಗಳ ಲೆಕ್ಕ ಬರೆಯುತ್ತೇನೆ. ಬೆಂಗಳೂರಿನ ಮೇಲೆ ನನಗೆ ಸಿಟ್ಟಿಲ್ಲ. ಆ ಊರು ನನಗೆ ಅನ್ನ ಕೊಟ್ಟಿದೆ. ಯಾವ ಜಾತಿ, ಯಾರ ಮನೆಯ ಮಗ ಎಂದು ಯಾರೂ ಕೇಳದೆ ಬದುಕಲು ಬಿಟ್ಟಿದೆ. ಹಳ್ಳಿಯಲ್ಲಿ ಅದು ಅಷ್ಟು ಸುಲಭಕ್ಕೆ ಸಿಗುವುದಿಲ್ಲ. ಹಾಗಾಗಿ ಪೇಟೆ ಕೆಟ್ಟದ್ದು, ಹಳ್ಳಿ ಒಳ್ಳೆಯದು ಅನ್ನುವ ಮಾತನ್ನು ನಾನು ಒಪ್ಪುವುದಿಲ್ಲ.

ಗಾಳಿ, ಹಸಿರು, ನೆಮ್ಮದಿ ಇವೆಲ್ಲ ಊರಲ್ಲಿ ಇದ್ದೇ ಇವೆ. ಅದನ್ನು ನೀವು ರಜೆಗೆ ಬಂದಾಗಲೇ ನೋಡಿದ್ದೀರಿ, ನಾನು ಬೇರೆ ಹೇಳಬೇಕಾಗಿಲ್ಲ. ರಜೆಯಲ್ಲಿ ಕಾಣದಿರುವುದು ಒಂದಿದೆ. ಬೆಂಗಳೂರಿನಲ್ಲಿ ದುಡ್ಡು ಕೊಟ್ಟರೆ ಕೆಲಸ ಆಗುತ್ತದೆ. ನಲ್ಲಿ ಕೆಟ್ಟರೆ ಆ್ಯಪ್ ತೆಗೆದು ಒಬ್ಬರನ್ನು ಕರೆಸುತ್ತೀರಿ, ಹಣ ಕೊಟ್ಟರೆ ಅಲ್ಲಿಗೆ ಮುಗಿಯಿತು. ಊರಲ್ಲಿ ಹಾಗಿಲ್ಲ. ಜನ ಬೇಕು, ಆ ಜನರಿಗೆ ನೀವೂ ಬೇಕಾಗಿರಬೇಕು. ನೀವು ನಿರ್ಧರಿಸಬೇಕಾದದ್ದು ಮುಖ್ಯವಾಗಿ ಇದನ್ನೇ: ಹತ್ತು ಮನೆಯವರ ಹಂಗಿನಲ್ಲಿ, ಅವರೂ ನಿಮ್ಮ ಹಂಗಿನಲ್ಲಿ ಇರುವಂಥ ಬದುಕು ನಿಮಗೆ ಬೇಕಾ?

ಇದು ಬರೀ ಭಾವನೆಯ ಮಾತಲ್ಲ, ತೋಟದ ಲೆಕ್ಕದಲ್ಲೇ ಬರುತ್ತದೆ. ಜೂನ್ ತಿಂಗಳನ್ನೇ ತೆಗೆದುಕೊಳ್ಳಿ. ಮಳೆ ಹಿಡಿಯುವ ಮೊದಲು ಕಾಯಿಯ ಕೊಳೆರೋಗ ತಡೆಯುವ ಔಷಧಿಯ ಮೊದಲ ಸುತ್ತು ಮುಗಿಯಬೇಕು. ನಲವತ್ತು ನಲವತ್ತೈದು ದಿನ ಬಿಟ್ಟು ಎರಡನೇ ಸುತ್ತು. ಮಳೆ ಬಿಡದಿದ್ದರೆ ಮೂರನೆಯದೂ ಬೇಕಾಗುತ್ತದೆ. ಆ ಔಷಧಿ, ಅಂದರೆ ಬೋರ್ಡೋ ದ್ರಾವಣ, ಮಾಡುವುದು ನೋಡಲು ಸುಲಭ. ಒಂದು ಕೆಜಿ ಮೈಲುತುತ್ತನ್ನು 50 ಲೀಟರ್ ನೀರಿನಲ್ಲಿ, ಒಂದು ಕೆಜಿ ಸುಣ್ಣವನ್ನು ಇನ್ನೊಂದು 50 ಲೀಟರ್ ನೀರಿನಲ್ಲಿ ಬೇರೆ ಬೇರೆಯಾಗಿ ಕರಗಿಸಬೇಕು. ಆಮೇಲೆ ಸುಣ್ಣದ ನೀರನ್ನು ಕಲಕುತ್ತಾ ತುತ್ತಿನ ನೀರನ್ನು ಅದಕ್ಕೆ ಸುರಿಯಬೇಕು. ಕೊನೆಗೆ ಕಬ್ಬಿಣದ ಕತ್ತಿಯ ತುದಿಯನ್ನು ಅದ್ದಿ ನೋಡುತ್ತಾರೆ. ಕತ್ತಿಗೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ, ಇನ್ನಷ್ಟು ಹಾಕಬೇಕು. ಇದನ್ನು ನೀವು ಒಂದೇ ಬೆಳಗ್ಗೆ ಕಲಿಯಬಹುದು.

ಮರ ಹತ್ತುವವರು ಯಾರು? ಕಷ್ಟ ಇರುವುದು ಇಲ್ಲಿ. ಔಷಧಿ ಹೊಡೆಯಲು, ಕೊನೆ (ಅಡಿಕೆ ಗೊಂಚಲು) ಕೊಯ್ಯಲು ಬರುವ ಕೊನೆಗೌಡರ ಸಂಖ್ಯೆ ಕಡಿಮೆ. ಅವರ ಮಕ್ಕಳೂ ನಿಮ್ಮ ಹಾಗೆ ಬೆಂಗಳೂರಿಗೆ ಹೋಗಿದ್ದಾರೆ. ಎಲ್ಲ ತೋಟಗಳಿಗೂ ಅದೇ ವಾರದಲ್ಲಿ ಔಷಧಿ ಆಗಬೇಕು, ಮಳೆ ಎರಡು ದಿನ ಬಿಟ್ಟು ಹೊಳವಾದರೆ ಅದೇ ದೊಡ್ಡದು. ಆ ಎರಡು ದಿನದಲ್ಲಿ ಕೊನೆಗೌಡ ಯಾರ ತೋಟಕ್ಕೆ ಮೊದಲು ಹೋಗುತ್ತಾನೆ? ಸಂಬಳ ಜಾಸ್ತಿ ಕೊಡುವವರ ತೋಟಕ್ಕೆ ಎಂದುಕೊಂಡರೆ ಅದು ಅರ್ಧ ಸತ್ಯ ಅಷ್ಟೆ. ಕಳೆದ ವರ್ಷ ಅವನ ಮಗಳ ಮದುವೆಗೆ ಕೈಗಡ ಕೊಟ್ಟವರು, ಅವನ ತಾಯಿಯನ್ನು ರಾತ್ರಿ ಕಾರಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದವರು, ವರ್ಷವಿಡೀ ಕರೆದು ಮಾತಾಡಿಸುವವರು ಅವನಿಗೆ ಮೊದಲು ನೆನಪಾಗುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ. ಐವತ್ತು ಅಡಿ ಮರದ ಮೇಲೆ, ಜಾರುವ ಕಾಂಡಕ್ಕೆ ಅಂಟಿಕೊಂಡು, ಜೀವ ಒತ್ತೆಯಿಟ್ಟು ಕೆಲಸ ಮಾಡುವವನು ತನ್ನವರು ಯಾರು ಎಂದು ನೋಡುತ್ತಾನೆ. ಈಗ ಫೈಬರ್ ದೋಟಿ, ಅಂದರೆ ಉದ್ದನೆಯ ಕೋಲು, ಬಂದಿದೆ, ನೆಲದಲ್ಲಿ ನಿಂತೇ ಔಷಧಿ ಹೊಡೆಯಬಹುದು, ಕೊನೆ ಇಳಿಸಬಹುದು. ಆದರೆ ಅದನ್ನು ಚೆನ್ನಾಗಿ ಆಡಿಸುವವರೂ ಬೆರಳೆಣಿಕೆಯಷ್ಟೇ.

ಔಷಧಿ ತಪ್ಪಿತೆಂದರೆ ಹತ್ತು ಹದಿನೈದು ದಿನದಲ್ಲಿ ಎಳೆ ಕಾಯಿ ಕೊಳೆತು ಉದುರುತ್ತದೆ. ಮರದ ಬುಡದಲ್ಲಿ ಹಸಿರು ಕಾಯಿ ಬಿದ್ದಿರುವುದನ್ನು ನೋಡುವುದು ಸಂಕಟ. ವರ್ಷದ ದುಡಿಮೆ ಅದು.

ಇದಕ್ಕೆ ಇನ್ನೊಂದು ಮುಖ ಇದೆ, ನಾನು ಊರಲ್ಲಿ ಉಳಿದದ್ದು ಆ ಕಾರಣಕ್ಕೇ. ನಮ್ಮ ಕಡೆ ಮುಯ್ಯಾಳು ಇನ್ನೂ ಪೂರ್ತಿ ಸತ್ತಿಲ್ಲ. ನಮ್ಮ ಮನೆಯ ಅಡಿಕೆ ಸುಲಿಯಲು ಅಕ್ಕಪಕ್ಕದವರು ಬರುತ್ತಾರೆ, ಅವರ ಮನೆಗೆ ನಾವು ಹೋಗುತ್ತೇವೆ. ದೀಪಾವಳಿಯ ಆಸುಪಾಸಿನಿಂದ ಸಂಕ್ರಾಂತಿಯವರೆಗೂ ಇದು ನಡೆಯುತ್ತದೆ. ರಾತ್ರಿ ಊಟ ಮುಗಿಸಿ ಜಗಲಿಯಲ್ಲಿ ಸುಲಿಯುವ ಮೆಟ್ಟುಗತ್ತಿ ಹಿಡಿದು ಕೂತರೆ ಹನ್ನೊಂದು ಗಂಟೆಯಾದರೂ ಏಳುವ ಮನಸ್ಸಾಗುವುದಿಲ್ಲ. ಸಿಪ್ಪೆ ರಾಶಿ ಒಂದು ಕಡೆ, ಅಡಿಕೆ ಇನ್ನೊಂದು ಕಡೆ. ಬೆರಳಿಗೆ ಹತ್ತಿದ ಚೊಗರು ಸೋಪಿಗೂ ಹೋಗುವುದಿಲ್ಲ. ಬೆಳಗ್ಗೆ ಹಂಡೆಯಲ್ಲಿ ಬೇಯಿಸುವಾಗ ಮನೆಯೆಲ್ಲ ಅದರದ್ದೇ ವಾಸನೆ. ಈಗ ಸುಲಿಯುವ ಯಂತ್ರ ಬಂದು ಈ ಕೂಟ ಕಡಿಮೆಯಾಗುತ್ತಿದೆ. ನಮ್ಮಲ್ಲೂ ಅರ್ಧ ಯಂತ್ರಕ್ಕೆ ಹಾಕುತ್ತೇವೆ. ಉಳಿದರ್ಧವನ್ನು ಬೇಕೆಂದೇ ಕೈಯಲ್ಲಿ ಸುಲಿಯುತ್ತೇವೆ. ಯಾಕೆಂದರೆ ಯಾರಿಗೆ ಹುಷಾರಿಲ್ಲ, ಯಾರ ಮನೆಯಲ್ಲಿ ಏನು ಕಷ್ಟ ಎನ್ನುವುದು ಅಲ್ಲಿಯೇ ಗೊತ್ತಾಗುವುದು.

ಈಗ ನಿಮ್ಮ ಹೆಂಡತಿಯ ವಿಷಯ. ನಿಮ್ಮ ಪ್ರಶ್ನೆಯಲ್ಲಿ ಅವರ ಬಗ್ಗೆ ಇರುವುದು ‘ಹೆಂಡತಿಗೂ ಒಪ್ಪಿಗೆ ಇದೆ’ ಎಂಬ ಒಂದೇ ಮಾತು. ದಯವಿಟ್ಟು ಇನ್ನೊಮ್ಮೆ ಕೇಳಿ. ಯಾವುದಕ್ಕೆ ಒಪ್ಪಿಗೆ ಎಂದು ಇಬ್ಬರೂ ಬಿಡಿಸಿ ಮಾತಾಡಿ. ಕೊಯ್ಲಿನ ದಿನ ಮಲೆನಾಡಿನ ಮನೆಯ ಅಡುಗೆಮನೆ ಹೇಗಿರುತ್ತದೆ ಗೊತ್ತಲ್ಲ? ಬೆಳಗ್ಗೆ ಎಂಟು ಹತ್ತು ಜನಕ್ಕೆ ತಿಂಡಿ, ಹತ್ತು ಗಂಟೆಗೆ ಚಹಾ, ಮಧ್ಯಾಹ್ನ ಊಟ, ಸಂಜೆ ಮತ್ತೆ ಚಹಾ, ನಡುವೆ ಬಂದ ನೆಂಟರು, ಕೊಟ್ಟಿಗೆ, ವಯಸ್ಸಾದ ಅತ್ತೆ ಮಾವ. ಇದಿಷ್ಟೂ ‘ಮನೆ ಕೆಲಸ’ ಅನ್ನಿಸಿಕೊಂಡು ಲೆಕ್ಕದ ಪುಸ್ತಕಕ್ಕೆ ಬರುವುದೇ ಇಲ್ಲ. ನೀವು ಕೆಲಸ ಬಿಟ್ಟು ತೋಟದ ಯಜಮಾನ ಆಗುತ್ತೀರಿ. ಅವರು ಕೆಲಸ ಬಿಟ್ಟು ಏನಾಗುತ್ತಾರೆ? ಊರಿಗೆ ಬಂದು ಒಂದೆರಡು ವರ್ಷದಲ್ಲಿ ಮತ್ತೆ ಬೆಂಗಳೂರಿಗೆ ಹೋದ ಸಂಸಾರಗಳನ್ನು ನಾನು ಹತ್ತಿರದಿಂದ ನೋಡಿದ್ದೇನೆ. ತೋಟ ಕೈಕೊಟ್ಟು ಹೋದವರು ಕಡಿಮೆ. ಹೆಂಡತಿಗೆ ತನ್ನದು ಅಂತ ಒಂದು ಕೆಲಸ, ಒಂದು ಸಂಪಾದನೆ, ಹೊರಗೆ ಹೋಗಲು ಒಂದು ಕಾರಣ ಇಲ್ಲದೆ ಸೋತು ಹೋದವರೇ ಜಾಸ್ತಿ. 2023ರಲ್ಲಿ ಮಂಡ್ಯ ಕಡೆಯ ರೈತರ ಮಕ್ಕಳು ಹೆಣ್ಣು ಸಿಗುತ್ತಿಲ್ಲ ಎಂದು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಮಾಡಿದ್ದು ನಿಮಗೂ ನೆನಪಿರಬಹುದು. ಹಳ್ಳಿಗೆ ಹೆಣ್ಣುಮಕ್ಕಳು ಯಾಕೆ ಬರಲೊಲ್ಲರು ಎನ್ನುವುದಕ್ಕೆ ಉತ್ತರ ಹುಡುಕಲು ನಾವು ಮೊದಲು ನಮ್ಮ ಅಡುಗೆಮನೆಗಳನ್ನು ನೋಡಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ನಿಮ್ಮ ಹೆಂಡತಿ ಈಗಿನ ಕೆಲಸವನ್ನೇ ಮನೆಯಿಂದ ಮಾಡಬಹುದಾದರೆ ಅದನ್ನು ಬಿಡಿಸಬೇಡಿ. ಆಳುಗಳ ಅಡುಗೆಗೆ ಒಬ್ಬರನ್ನು ಗೊತ್ತು ಮಾಡಿ, ಅವರ ಸಂಬಳವನ್ನು ತೋಟದ ಖರ್ಚಿನಲ್ಲೇ ಬರೆಯಿರಿ.

ದುಡ್ಡಿನ ವಿಷಯ ಚುಟುಕಾಗಿ ಹೇಳುತ್ತೇನೆ. ಎರಡು ಎಕರೆಯನ್ನೇ ನಂಬಿ ಬರಬೇಡಿ. 2014ರಲ್ಲಿ ‘ರಾಶಿ’ ಎಂಬ ಬಗೆಯ ಅಡಿಕೆಯ ದರ ಏರಿದ್ದು, ಎರಡೇ ವರ್ಷದಲ್ಲಿ ಅರ್ಧಕ್ಕಿಂತ ಕೆಳಗೆ ಇಳಿದದ್ದು ನಿಮ್ಮ ಅಪ್ಪನಿಗೆ ಚೆನ್ನಾಗಿ ಗೊತ್ತು. ಎಲೆಚುಕ್ಕೆ ರೋಗ ಈಚೆಗೆ ಮಲೆನಾಡಿನ ತೋಟಗಳನ್ನು ಹಿಂಡುತ್ತಿದೆ. ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗಕ್ಕೆ ತೋಟಗಳೇ ಹೋಗಿವೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಆ ಕತ್ತಿ ಬೆಳೆಗಾರರ ತಲೆಯ ಮೇಲೆ ತೂಗುತ್ತಲೇ ಇದೆ. ಹೊಸ ಸಸಿ ಇಟ್ಟರೆ ಫಸಲಿಗೆ ಐದಾರು ವರ್ಷ ಕಾಯಬೇಕು. ಆದ್ದರಿಂದ ತೋಟದ ಹೊರಗಿನ ಒಂದು ಆದಾಯ ಇರಲೇಬೇಕು. ತೋಟದೊಳಗೂ ಕಾಳುಮೆಣಸು, ಏಲಕ್ಕಿ, ಬಾಳೆ ಇರಲಿ.

ಆಸ್ಪತ್ರೆಯ ಮಾತು ಮಾತ್ರ ಗಂಭೀರವಾಗಿ ತೆಗೆದುಕೊಳ್ಳಿ. ಸಾಮಾನ್ಯ ಕಾಯಿಲೆಗೆ ಸಾಗರ ಸಾಕು. ಎದೆನೋವು, ಪಾರ್ಶ್ವವಾಯು ಅಂದರೆ ಶಿವಮೊಗ್ಗಕ್ಕೆ ಓಡಬೇಕು, ಇಲ್ಲವೇ ಘಟ್ಟ ಇಳಿದು ಮಣಿಪಾಲಕ್ಕೆ. ನಿಮ್ಮ ಮನೆ ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯದಾದರೆ ಈಗ ಪರವಾಗಿಲ್ಲ. 2025ರ ಜುಲೈಯಲ್ಲಿ ಸಿಗಂದೂರು ಸೇತುವೆ ಆಯಿತು. ಅದಕ್ಕೂ ಮೊದಲು ಸಂಜೆ ಹಿನ್ನೀರು ದಾಟಿಸುವ ಲಾಂಚ್ ನಿಂತರೆ ಹೆರಿಗೆ ನೋವು ಬಂದವರೂ ಕಾಡಿನ ದಾರಿಯಲ್ಲಿ ಸುತ್ತಿ ಬರಬೇಕಿತ್ತು. ಆ ಹಿನ್ನೀರಿಗೆ ಕಾರಣವಾದ ಲಿಂಗನಮಕ್ಕಿ ಅಣೆಕಟ್ಟು ಆದದ್ದು 1964ರಲ್ಲಿ. ನಾಡಿಗೆಲ್ಲ ಕರೆಂಟು ಕೊಟ್ಟ ಹಿನ್ನೀರಿನ ಜನ ಒಂದು ಸೇತುವೆಗಾಗಿ ಅರವತ್ತು ವರ್ಷ ಕಾಯಬೇಕಾಯಿತು ಎಂಬುದು ನನಗೆ ಇಂದಿಗೂ ನೋವಿನ ವಿಷಯ. 2019ರಲ್ಲಿ ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಮಾತು ಬಂದಾಗ ನಮ್ಮ ಜಿಲ್ಲೆ ಬಂದ್ ಆಗಿದ್ದು ಅದಕ್ಕೇ. ನೀವು ಟ್ಯಾಂಕರ್ ನೀರಿನ ಕಷ್ಟ ಬರೆದಿದ್ದೀರಲ್ಲ, ಅದು ನಮ್ಮೂರಿನ ಹೊಳೆಯವರೆಗೂ ಬಂದಿತ್ತು.

ಕಾಡಿನ ಉಣುಗು (ಉಣ್ಣೆ ಹುಳ) ಕಚ್ಚಿ ಬರುವ ಮಂಗನ ಕಾಯಿಲೆಯನ್ನೂ ತಿಳಿದಿರಿ. 1957ರಲ್ಲಿ ಪಕ್ಕದ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಂಡದ್ದು. 2019ರ ಹೊತ್ತಿಗೆ ನಮ್ಮ ಅರಳಗೋಡು ಭಾಗದಲ್ಲಿ ಹಲವರು ತೀರಿಕೊಂಡರು. ಡಿಸೆಂಬರ್‌ನಿಂದ ಬೇಸಿಗೆ ಮುಗಿಯುವವರೆಗೆ ಸೊಪ್ಪಿಗೆ, ದರಕಿಗೆ (ಒಣ ಎಲೆಗೆ) ಬೆಟ್ಟಕ್ಕೆ ಹೋಗುವಾಗ ಉಣುಗು ಹತ್ತದಂತೆ ಎಣ್ಣೆ ಹಚ್ಚಿಕೊಂಡು, ಮೈ ಮುಚ್ಚಿಕೊಂಡು ಹೋಗಬೇಕು. ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ, ಉಣುಗು ಹತ್ತಿದೆಯಾ ಎಂದು ಮಗುವಿನ ಮೈಯನ್ನೂ ನೋಡಬೇಕು. ಮಂಗ ಸತ್ತಿದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು.

ಮಗಳ ಶಾಲೆಯ ಚಿಂತೆ ನಿಮಗೆ ಜಾಸ್ತಿ ಇದೆ, ನನಗೆ ಅಷ್ಟಿಲ್ಲ. ಊರಿನ ಶಾಲೆಯಲ್ಲಿ ಮಕ್ಕಳು ಕಡಿಮೆ, ನಿಜ. ಸಾಗರಕ್ಕೆ ವ್ಯಾನ್ ಹೋಗುತ್ತದೆ. ಆದರೆ ಸಾಗರದ ಹತ್ತಿರದ ಹೆಗ್ಗೋಡಿನಲ್ಲಿ 1949ರಿಂದ ನೀನಾಸಂ ನಾಟಕ ಸಂಸ್ಥೆ ಇದೆ. ಅಡಿಕೆ ಬೆಳೆಯುವ ಒಂದು ಹಳ್ಳಿಯಲ್ಲಿ ನಿಂತು ಜಗತ್ತಿನ ನಾಟಕಗಳನ್ನು ಕನ್ನಡದಲ್ಲಿ ಆಡಿದ್ದಕ್ಕೆ ಅದನ್ನು ಕಟ್ಟಿದ ಕೆ.ವಿ. ಸುಬ್ಬಣ್ಣನವರಿಗೆ 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ನಮ್ಮ ಮಕ್ಕಳು ಅಂಥ ನಾಟಕ ನೋಡುತ್ತಾ, ಮಳೆಗಾಲ ಕಳೆದ ಮೇಲೆ ರಾತ್ರಿಯಿಡೀ ಯಕ್ಷಗಾನ ನೋಡುತ್ತಾ ಬೆಳೆಯುತ್ತಿದ್ದಾರೆ. ಅದು ಸಣ್ಣ ಓದಲ್ಲ.

ಹಾಗಾದರೆ ಏನು ಮಾಡಬೇಕು? ಮೊದಲು ಒಂದು ಮಳೆಗಾಲ, ಒಂದು ಕೊಯ್ಲು ಊರಲ್ಲೇ ಕಳೆಯಿರಿ. ಕಂಪನಿ ಮನೆಯಿಂದ ಕೆಲಸ ಮಾಡಲು ಬಿಟ್ಟರೆ ಹಾಗೆ, ಇಲ್ಲದಿದ್ದರೆ ಸಂಬಳವಿಲ್ಲದ ರಜೆ ಹಾಕಿ. ಫೈಬರ್ ಇಂಟರ್ನೆಟ್ ಹಳ್ಳಿಗಳಿಗೂ ಬಂದಿದೆ. ಆದರೆ ಆಷಾಢದ ಗಾಳಿಗೆ ಮರ ಬಿದ್ದು ಲೈನ್ ಹೋದರೆ ಎರಡು ಮೂರು ದಿನ ಕರೆಂಟು, ನೆಟ್ಟು ಎರಡೂ ಇರುವುದಿಲ್ಲ. ಆ ದಿನಗಳಲ್ಲಿ ಸಾಗರದಲ್ಲಿ ಕೂತು ಕೆಲಸ ಮಾಡಲು ಒಂದು ಜಾಗ ನೋಡಿಟ್ಟುಕೊಳ್ಳಿ. ಮೊದಲ ವರ್ಷ ಅಪ್ಪ ಮಾಡುತ್ತಿದ್ದ ಯಾವುದನ್ನೂ ಬದಲಿಸಬೇಡಿ, ಸುಮ್ನೆ ಜೊತೆಗೆ ಓಡಾಡಿ. ಕೊನೆಗೌಡನ ಮನೆಗೆ ನೀವೇ ಹೋಗಿ ಕೂತು ಮಾತಾಡಿ, ಫೋನಿನಲ್ಲಿ ಬೇಡ. ಊರಿನ ಸಾವಿಗೆ, ಮದುವೆಗೆ ತಪ್ಪಿಸದೆ ಹೋಗಿ. ಕಷ್ಟ ಅನ್ನಿಸಿದರೆ ತೋಟ ಮಾರುವ ಯೋಚನೆ ಬೇಡ. ಫಸಲನ್ನು ಚೇಣಿಗೆ (ಗುತ್ತಿಗೆಗೆ) ಕೊಟ್ಟು ವಾಪಸ್ ಹೋಗಬಹುದು, ಅದರಲ್ಲಿ ನಾಚಿಕೆ ಪಡುವಂಥದ್ದು ಏನಿಲ್ಲ.

ಕಾಗದಪತ್ರ ಈಗಲೇ ನೋಡಿ. ಪಹಣಿ ಅಪ್ಪನ ಹೆಸರಿನಲ್ಲಿದೆಯಾ, ಇನ್ನೂ ಅಜ್ಜನ ಹೆಸರಿನಲ್ಲೇ ಇದೆಯಾ? ತೋಟದ ಅಂಚು ಎಲ್ಲಾದರೂ ಬಗರ್‌ಹುಕುಂ, ಅಂದರೆ ಮಂಜೂರಾಗದ ಸರ್ಕಾರಿ ಜಾಗದಲ್ಲಿದೆಯಾ? ನಿಮಗೆ ಅಕ್ಕ ಇದ್ದಾರೆ ಎಂದು ಬರೆದಿದ್ದೀರಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯ ಮೇಲೆ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕಿದೆ. ನೀವು ತೋಟಕ್ಕೆ ಹಣ ಸುರಿಯುವ ಮೊದಲೇ ಅಕ್ಕನ ಜೊತೆ ಕೂತು, ಅವರ ಪಾಲು ಏನು, ಹೇಗೆ ಎಂದು ಪ್ರೀತಿಯಿಂದ ಮಾತಾಡಿ ಬರೆದಿಡಿ. ತಡವಾದಷ್ಟೂ ಆ ಮಾತು ಕಷ್ಟವಾಗುತ್ತದೆ.

ಕಡೆಯದಾಗಿ ಒಂದು ಕೇಳಬೇಕು. ನೀವು ವಾಪಸ್ ಬರುವುದು ನಿಮ್ಮ ಅಪ್ಪನಿಗೆ ಇಷ್ಟವಿದೆಯಾ? ನಮ್ಮ ಕಡೆಯ ಎಷ್ಟೋ ಅಪ್ಪಂದಿರು ಮಗ ಬೆಂಗಳೂರಿನಲ್ಲಿದ್ದಾನೆ ಎನ್ನುವುದರಲ್ಲೇ ತಮ್ಮ ಬದುಕು ಸಾರ್ಥಕ ಎಂದುಕೊಂಡಿರುತ್ತಾರೆ. ಮಗ ಬಂದರೆ ‘ಕೆಲಸ ಹೋಯಿತಂತಾ?’ ಎಂದು ಸೊಸೈಟಿಯಲ್ಲಿ ಯಾರೋ ಕೇಳುತ್ತಾರೆ, ಉತ್ತರ ಕೊಡಬೇಕಾದವರು ಅವರು. ಅದಕ್ಕೇ ಅಮ್ಮನ ಮೂಲಕ ಹೇಳಿಸಬೇಡಿ. ಈ ಸಲ ಊರಿಗೆ ಹೋದಾಗ ಬೆಳಗ್ಗೆ ಅಪ್ಪ ತೋಟಕ್ಕೆ ಹೊರಡುವಾಗ ನೀವೂ ಹೊರಡಿ, ಅಲ್ಲೇ ನೇರವಾಗಿ ಕೇಳಿ. ಅವರು ಏನಂದರು ಎಂದು ಇಲ್ಲಿ ಬರೆಯಿರಿ. ನಿಮ್ಮೂರು ಯಾವ ಹೋಬಳಿ ಎಂದು ತಿಳಿಸಿದರೆ ಆ ಕಡೆ ದೋಟಿಯಲ್ಲಿ ಔಷಧಿ ಹೊಡೆಯುವ ತಂಡ ಇದೆಯಾ ಎಂದು ವಿಚಾರಿಸಿ ಹೇಳುತ್ತೇನೆ.